ತೋಟಿಯ ಮೊಮ್ಮಕ್ಕಳ ಒಂದು ವರ್ಷ

1

ಊರಿನ ಚರಿತ್ರೆ ಬರೆದವರು ಕೆರೆ ಕಟ್ಟಿಸಿದವನ ಹೆಸರು ಬರೆದರು. ಗುಡಿ ಕಟ್ಟಿಸಿದವನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಿದರು. ಕೆರೆಯ ತೂಬೆತ್ತಿ ಗದ್ದೆ ಗದ್ದೆಗೂ ನೀರು ಹಾಯಿಸಿದವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಗುಡಿಯ ಹೊರಗೆ ನಿಂತು ರಾತ್ರಿಯೆಲ್ಲ ತಮಟೆ ಬಡಿದವನ ಹೆಸರೂ ಇಲ್ಲ. ಅವರು ನಮ್ಮ ತಾತಂದಿರು, ಮುತ್ತಾತಂದಿರು. ಅವರು ಮಾಡಿದ್ದಕ್ಕೆಲ್ಲ ಊರು ಒಂದೇ ಹೆಸರು ಕೊಟ್ಟಿತ್ತು: ಸೇವೆ.

ನಾವು ಈಗ ಬರೆಯಹೊರಟಿರುವುದೂ ಸೇವೆಯ ಚರಿತ್ರೆಯೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಸಂಬಳವಿಲ್ಲದೆ, ಭತ್ಯೆಯಿಲ್ಲದೆ ಓಡಾಡುವ ದಲಿತ ಸಮಿತಿಗಳ ಒಂದೂಕಾಲು ವರ್ಷದ ಲೆಕ್ಕ ಇದು. 2022ರ ಸೆಪ್ಟೆಂಬರಿನಲ್ಲಿ ಶುರುವಾಗಿ 2023ರ ಡಿಸೆಂಬರಿಗೆ ನಿಲ್ಲುತ್ತದೆ. ಸಮಿತಿ ಅಂದ ಕೂಡಲೇ ಆಫೀಸು, ಬೋರ್ಡು, ಕುರ್ಚಿ ಅಂದುಕೊಳ್ಳಬೇಡಿ. ಹೆಸರು ಬೇರೆ ಬೇರೆ, ಬಣ ಬೇರೆ ಬೇರೆ. ಹತ್ತು ಹನ್ನೆರಡು ಜನ, ಒಂದು ನೋಟ್ ಪುಸ್ತಕ, ಬಾಬಾಸಾಹೇಬರ ಪಟ ಇರುವ ಒಂದು ಜಗಲಿ, ಪೆಟ್ರೋಲಿಗೆ ಕಾಸಿಲ್ಲದ ಎರಡು ಬೈಕು. ಇಷ್ಟಿದ್ದರೆ ನಮ್ಮ ಕಡೆ ಅದು ಸಮಿತಿ.

ಬರೆಯಲೇಬೇಕು ಅನ್ನಿಸಿದ್ದು ನಮ್ಮ ಕೇರಿಯ ಒಬ್ಬ ಅಜ್ಜಿಯ ಮಾತಿನಿಂದ. ತಾಲ್ಲೂಕು ಕಚೇರಿಯಿಂದ ಸಂಜೆ ಹೊತ್ತು ಬರಿಗೈಲಿ ವಾಪಸು ಬರುತ್ತಿದ್ದೆವು. ಜಗಲಿ ಮೇಲೆ ಕೂತಿದ್ದ ಅಜ್ಜಿ ಕೇಳಿದಳು: "ನಿಮ್ ತಾತನೂ ಹಿಂಗೇ ಬಿಟ್ಟಿ ತಿರುಗ್ತಾ ತಿರುಗ್ತಾ ಸತ್ತ. ಡಿಗ್ರಿ ಓದಿ ನೀವೂ ಬಿಟ್ಟಿ ತಿರುಗ್ತಾ ಇದೀರ. ಏನ್ರಪ್ಪಾ ವ್ಯತ್ಯಾಸ?"

ನಮಗೆ ಉತ್ತರ ಹೊಳೆಯಲಿಲ್ಲ. ನಕ್ಕು ಸುಮ್ಮನಾದೆವು. ಆದರೆ ಅದು ನಕ್ಕು ಬಿಡುವ ಪ್ರಶ್ನೆ ಅಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ನಮ್ಮ ಜಿಲ್ಲೆಯ ಚರಿತ್ರೆಯೇ ಕಾಲಿಗೆ ತೊಡರಿಕೊಳ್ಳುತ್ತದೆ.

2

ತೋಟಿ, ತಳವಾರ, ನೀರಗಂಟಿ, ಕುಳವಾಡಿ. ಹಳೇ ಮೈಸೂರಿನ ಯಾವ ಹಳ್ಳಿಗೆ ಹೋದರೂ ಈ ಹೆಸರು ಗೊತ್ತು. ಹಳೆಯ ಕಾಗದಗಳಲ್ಲಿ ಇವು 'ಹುದ್ದೆ'ಗಳು. ಶಾನುಭೋಗರದೂ ಹುದ್ದೆ, ಪಟೇಲರದೂ ಹುದ್ದೆ, ತೋಟಿಯದೂ ಹುದ್ದೆ. ಕೇಳೋದಕ್ಕೆ ಎಷ್ಟು ಚೆನ್ನಾಗಿದೆ! ಆದರೆ ಶಾನುಭೋಗ ಬರೆಯುತ್ತಿದ್ದ, ಪಟೇಲ ಕೂಗುತ್ತಿದ್ದ, ತೋಟಿ ಓಡುತ್ತಿದ್ದ. ಕಂದಾಯದ ಗಂಟು ಹೊತ್ತು ಕಸಬೆಗೆ ಓಡಬೇಕು. ಅಮಲ್ದಾರರು ಬಂದರೆ ಅವರ ಪೆಟ್ಟಿಗೆ ಹೊರಬೇಕು. ಸರ್ವೆಯವರು ಬಂದರೆ ಸರಪಳಿ ಹಿಡಿಯಬೇಕು. ಊರಿಗೆ ಟಾಂ ಟಾಂ ಹೊಡೆಯಬೇಕು. ಸತ್ತವರ ಸುದ್ದಿಯನ್ನು ನೆಂಟರ ಊರಿಗೆ ಮುಟ್ಟಿಸಬೇಕು, ಸೌದೆ ಒಡೆಯಬೇಕು, ಗುಂಡಿ ತೋಡಬೇಕು. ದನ ಸತ್ತರೆ ಎಳೆದು ಹಾಕಬೇಕು. ಕರೆದಾಗ 'ಬಂದೆ ಸಾಮಿ' ಅನ್ನಬೇಕು. ಅಪ್ಪ ಮಲಗಿದರೆ ಮಗ ಹೋಗಬೇಕು.

ಇದಕ್ಕೆ ಕೂಲಿ ಏನು? ಸುಗ್ಗಿಯಲ್ಲಿ ಕಣದ ಮೂಲೆಯ ಆಯ. ಹಬ್ಬಕ್ಕೆ ಮಿಕ್ಕ ಅನ್ನ. ಜೊತೆಗೆ ಒಂದಷ್ಟು ಇನಾಮು ಜಮೀನು. ಆ ಜಮೀನೇ ಕೊರಳ ಹಗ್ಗ. ಭೂಮಿ ಬೇಕಾದರೆ ಚಾಕರಿ ಮಾಡು, ಚಾಕರಿ ಬಿಟ್ಟರೆ ಭೂಮಿ ಬಿಡು. ಮಹಾರಾಷ್ಟ್ರದ ಮಹಾರರಿಗೆ ವತನ್ ಅನ್ನುವ ಹೆಸರಿನಲ್ಲಿ ಇದೇ ಹಗ್ಗ ಇತ್ತು. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಅದರ ವಿರುದ್ಧ ಮಸೂದೆ ತಂದರು. ಚಿಟಿಕೆ ಜಮೀನಿನ ಆಸೆಗೆ ಇಡೀ ಜನಾಂಗ ಜೀತಕ್ಕೆ ಬಿದ್ದಿದೆ ಅನ್ನುವುದನ್ನು ಅವರು ಕಂಡಿದ್ದರು.

ನೀರಗಂಟಿಯ ಮಾತು ಇನ್ನೂ ವಿಚಿತ್ರ. ನಮ್ಮ ಜಿಲ್ಲೆಯಲ್ಲಿ ಬತ್ತದ ಹೊಳೆ ಒಂದೂ ಇಲ್ಲ. ಪಾಲಾರ್, ಪಿನಾಕಿನಿ, ಪಾಪಾಘ್ನಿ ಅಂತ ಹೆಸರುಗಳಿವೆ, ಮರಳಿದೆ, ನೀರಿಲ್ಲ. ಆದ್ದರಿಂದ ಹಿಂದಿನವರು ಕೆರೆ ಕಟ್ಟಿದರು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ 2007ಕ್ಕೆ ಮುಂಚೆ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಅನೇಕ ಊರುಗಳಲ್ಲಿ ಆ ಕೆರೆಗಳ ತೂಬಿನ ಹಿಡಿ ಇದ್ದದ್ದು ನಮ್ಮವರ ಕೈಯಲ್ಲಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಮಳೆ ಕಮ್ಮಿಯಾದ ವರ್ಷ ಯಾವ ಬಯಲಿಗೆ ಬಿಡಬೇಕು, ಯಾವುದಕ್ಕೆ ಬಿಡಬಾರದು, ಕಟ್ಟೆಯಲ್ಲಿ ಇಲಿ ಬಿಲ ತೋಡಿದೆಯೋ ಇಲ್ಲವೋ, ಎಲ್ಲ ಅವನ ತಲೆಯಲ್ಲಿ. ಊರಿಗೆಲ್ಲ ನೀರು ಹಂಚಿದವನು ಅದೇ ಊರಿನ ಬಾವಿಯಿಂದ ನೀರು ಸೇದುವಂತಿರಲಿಲ್ಲ. ಯಾರಾದರೂ ಮೇಲಿಂದ ಹುಯ್ಯಲಿ ಅಂತ ಬೊಗಸೆ ಒಡ್ಡಿ ಕಾಯಬೇಕಿತ್ತು. ಸೇವೆ ಅನ್ನುವ ಮಾತಿನ ಹೊಟ್ಟೆಯೊಳಗೆ ಇಂಥದ್ದೆಲ್ಲ ಇದೆ.

ಕೊಳವೆಬಾವಿ ಬಂತು. ಕೆರೆ ಹೋಯಿತು, ನೀರಗಂಟಿಯೂ ಹೋದ. ಸಾವಿರ ಅಡಿ ಕೊರೆದ ಕಡೆ ಫ್ಲೋರೈಡ್ ನೀರು ಮೇಲೆ ಬಂತು. 2018ರ ಜೂನಿನಲ್ಲಿ ಬೆಂಗಳೂರಿನ ಕೊಳಚೆಯನ್ನು ಶುದ್ಧಿ ಮಾಡಿ, ಪೈಪಿನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ತಂದು ಬಿಟ್ಟರು. ಅಲ್ಲಿಂದ ಕೆರೆ ಕೆರೆಗೂ ಹರಿಯಿತು. ನೀರನ್ನು ಎರಡೇ ಹಂತ ಶುದ್ಧಿ ಮಾಡಿದ್ದು ಸಾಲದು ಅಂತ ಜನ ಕೋರ್ಟಿಗೆ ಹೋದರು. ಈ ಜಗಳದಲ್ಲಿ ಇಂಜಿನಿಯರ್ ಮಾತಾಡಿದ, ಮಂತ್ರಿ ಮಾತಾಡಿದ, ರೈತ ಮುಖಂಡ ಮಾತಾಡಿದ. ನೂರಾರು ವರ್ಷ ಆ ಕೆರೆಗಳ ನಾಡಿ ಹಿಡಿದಿದ್ದವನ ಮೊಮ್ಮಗನನ್ನು ಮಾತ್ರ ಯಾರೂ ಕೇಳಲಿಲ್ಲ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆ ತೆಗೆಯಿತು. 23ನೇ ವಿಧಿ ಬಿಟ್ಟಿ ಚಾಕರಿ ಅಪರಾಧ ಅಂದಿತು. ಆ ಸಂವಿಧಾನ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳಲ್ಲಿ ಒಬ್ಬರಾಗಿ ಟಿ. ಚನ್ನಯ್ಯ ಕೂತಿದ್ದರು. ಕೋಲಾರದ ರಂಗಮಂದಿರಕ್ಕೆ ಅವರದೇ ಹೆಸರಿದೆ. ಅಲ್ಲಿ ನಾಟಕ ನೋಡಿದ ಎಷ್ಟು ಜನಕ್ಕೆ ಅವರು ಯಾರು ಅಂತ ಗೊತ್ತು? 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆಯಿತು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಕಾಗದದ ಮೇಲೆ ತೋಟಿ ಆವತ್ತಿಗೆ ತೀರಿಕೊಂಡ. ಊರಿನ ಬಾಯಲ್ಲಿ ತೀರಿಕೊಳ್ಳಲಿಲ್ಲ. ಕಾಯ್ದೆ ಬಂದು ಎಷ್ಟೋ ವರ್ಷಗಳ ಮೇಲೂ ನಮ್ಮಪ್ಪಂದಿರನ್ನು ಹೆಸರು ಹಿಡಿಯದೆ 'ಲೇ ತೋಟಿ' ಅಂತಲೇ ಕರೆದರು.

3

ಹಾಗಾದರೆ ಕರೆದರೆ ಓಡಿ ಹೋಗುವ ಜನ, ತಾವೇ ಕೂಡಿ ಸಂಘ ಕಟ್ಟಿದ್ದು ಯಾವಾಗ?

ನಮ್ಮ ಜಿಲ್ಲೆಯಲ್ಲಿ ಮೊದಲು ಕಟ್ಟಿದ್ದು ನಮ್ಮ ನಾಲ್ಕು ತಾಲ್ಲೂಕಿನ ಹಳ್ಳಿಗಳಲ್ಲಲ್ಲ, ಪಕ್ಕದ ಕೆ.ಜಿ.ಎಫ್.ನಲ್ಲಿ. ಚಿನ್ನದ ಗಣಿಗೆ ತಮಿಳು ಸೀಮೆಯಿಂದ ಬಂದ ನಮ್ಮ ಜನ ಇಪ್ಪತ್ತನೇ ಶತಮಾನದ ಮೊದಲಲ್ಲೇ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗಳಲ್ಲಿ ಬೌದ್ಧ ಸಂಘ ಕಟ್ಟಿದರು. ಪಂಡಿತ ಅಯೋಧ್ಯಾದಾಸರು 1907ರಲ್ಲಿ ಮದರಾಸಿನಲ್ಲಿ ಶುರು ಮಾಡಿದ 'ತಮಿಳನ್' ಪತ್ರಿಕೆಯನ್ನು ಗಣಿಯ ಲೈನುಗಳಲ್ಲಿ ಕೂತು ಓದಿದರು. ಮೈಗೆ ಗಣಿಯ ಧೂಳು, ಕೈಯಲ್ಲಿ ಪತ್ರಿಕೆ. ಗಣಿಯೊಳಗೆ ಜೀವ ಹೋಗುತ್ತಿತ್ತು ನಿಜ, ಅಲ್ಲೂ ಮೇಲೊಬ್ಬ ದೊರೆ ಇದ್ದ ನಿಜ. ಆದರೆ ವಾರಕ್ಕೋ ತಿಂಗಳಿಗೋ ಎಣಿಸಿ ಕೊಡುವ ಕೂಲಿ ಇತ್ತು. ಅಲ್ಲಿ ಯಾರೂ ಯಾರಿಗೂ ತೋಟಿ ಆಗಿರಲಿಲ್ಲ. ಸಂಘ ಮೊದಲು ಅಲ್ಲಿ ಚಿಗುರಿದ್ದಕ್ಕೆ ಇದೇ ಕಾರಣ ಅಂತ ನಮಗೆ ಅನ್ನಿಸುತ್ತದೆ. ಹೊಟ್ಟೆಯ ಹಗ್ಗ ಸಡಿಲವಾದ ಕಡೆ ನಾಲಗೆ ಏಳುತ್ತದೆ.

ನಮ್ಮ ಹಳ್ಳಿಗಳಿಗೆ ಆ ಗಾಳಿ ಬರೋದಕ್ಕೆ ಇನ್ನೂ ಅರವತ್ತು ಎಪ್ಪತ್ತು ವರ್ಷ ಹಿಡಿಯಿತು. 1973ರ ಕೊನೆಯಲ್ಲಿ ಬಿ. ಬಸವಲಿಂಗಪ್ಪನವರ ಬೂಸಾ ಮಾತಿಗೆ ರಾಜ್ಯವೇ ಹೊತ್ತಿ ಉರಿಯಿತು, ದಲಿತ ಹುಡುಗರು ಹಾಸ್ಟೆಲುಗಳಲ್ಲಿ ಒದೆ ತಿಂದರು. ಆ ಏಟಿನಿಂದ ಎದ್ದದ್ದೇ ದಲಿತ ಸಂಘರ್ಷ ಸಮಿತಿ. ಭದ್ರಾವತಿಯಲ್ಲಿ ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರು ಅದರ ಬೆನ್ನೆಲುಬಾದರು. ಕೋಲಾರ ಜಿಲ್ಲೆ ಅದರ ಗಟ್ಟಿ ನೆಲಗಳಲ್ಲಿ ಒಂದಾಯಿತು. ಆಗದೆ ಇನ್ನೇನು? 2011ರ ಜನಗಣತಿಯಲ್ಲೂ ನಮ್ಮ ಜಿಲ್ಲೆಯ ನೂರು ಜನರಲ್ಲಿ ಮೂವತ್ತು ಮಂದಿ ಪರಿಶಿಷ್ಟ ಜಾತಿಯವರು. ರಾಜ್ಯದಲ್ಲೇ ಹೆಚ್ಚು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಮಾಲೂರು ತಾಲ್ಲೂಕಿನ ಹುಣಸಿಕೋಟೆಯಲ್ಲಿ ದಲಿತನೊಬ್ಬನ ಕೊಲೆಯಾಯಿತು, ಆ ಮನೆಯ ಹೆಣ್ಣಿನ ಮೇಲೆ ಅತ್ಯಾಚಾರವಾಯಿತು. ಸಮಿತಿ ಅಲ್ಲಿಂದ ಬೆಂಗಳೂರಿಗೆ ಕಾಲ್ನಡಿಗೆ ಜಾಥಾ ಹೊರಟಿತು. ತಮಟೆ ಮುಂದೆ, ಜನ ಹಿಂದೆ. ನಮ್ಮ ಹಿರಿಯರು ಇವತ್ತಿಗೂ ಆ ನಡಿಗೆಯ ಮಾತು ಬಂದರೆ ಕೂತಲ್ಲೇ ನೆಟ್ಟಗಾಗುತ್ತಾರೆ. ಯಾಕೆ ಅಂತ ನಮಗೆ ತಡವಾಗಿ ಅರ್ಥವಾಯಿತು. ಮಾಲೂರಿನ ದಾರಿಯಲ್ಲಿ ತೋಟಿ ಎಷ್ಟು ಸಾರಿ ನಡೆದಿರಲಿಲ್ಲ! ಹೊರೆ ಹೊತ್ತು ನಡೆದಿದ್ದ, ಓಲೆ ಹಿಡಿದು ನಡೆದಿದ್ದ, ಸಾಹೇಬರ ಕುದುರೆಯ ಹಿಂದೆ ಓಡಿದ್ದ. ಯಾರೂ ಕರೆಯದೆ, ತನ್ನ ಸಾವಿನ ಸುದ್ದಿಯನ್ನು ತಾನೇ ರಾಜಧಾನಿಗೆ ಮುಟ್ಟಿಸೋಕೆ ಹೊರಟದ್ದು ಅದೇ ಮೊದಲು. ಕಾಲು ಅದೇ, ತಮಟೆ ಅದೇ. ಕಳಿಸಿದವರು ಬೇರೆ.

ಆ ದಿನಗಳ ಹಾಡು ಕಟ್ಟಿದವರಲ್ಲಿ ನಮ್ಮ ಜಿಲ್ಲೆಯ ಕೋಟಿಗಾನಹಳ್ಳಿ ರಾಮಯ್ಯನವರೂ ಒಬ್ಬರು. ಮುಂದೆ ಅವರು ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಗೆಳೆಯರೊಡನೆ ಆದಿಮ ಕಟ್ಟಿದರು. ಅಲ್ಲಿ ಹುಣ್ಣಿಮೆ ಹುಣ್ಣಿಮೆಗೂ ನಡೆದ ಹಾಡಿನಲ್ಲಿ ಎಷ್ಟೋ ಊರಿನ ಹುಡುಗರು ಬಾಯಿ ಬಿಟ್ಟರು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ನಮ್ಮ ಎಷ್ಟೋ ಮನೆಗಳಲ್ಲಿ ಆಡೋದು ತೆಲುಗು. ಅತ್ತರೆ ತೆಲುಗಿನಲ್ಲಿ ಅಳುತ್ತೇವೆ, ಅರ್ಜಿ ಬರೆದರೆ ಕನ್ನಡದಲ್ಲಿ ಬರೆಯುತ್ತೇವೆ, ಕೋರ್ಟಿನ ತೀರ್ಪು ಇಂಗ್ಲಿಷಿನಲ್ಲಿ ಬರುತ್ತದೆ. ಈ ಮೂರರ ನಡುವೆ ಓಡಾಡುವ ಕೆಲಸವೇ ಸಮಿತಿಯ ಕೆಲಸದಲ್ಲಿ ಅರ್ಧ.

4

ಈಗ ಆ ಒಂದೂಕಾಲು ವರ್ಷಕ್ಕೆ ಬರೋಣ.

2022ರ ಸೆಪ್ಟೆಂಬರ್. ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಊರ ದೇವತೆಯ ಜಾತ್ರೆ. ಹದಿನೈದು ವರ್ಷದ ನಮ್ಮ ಹುಡುಗನೊಬ್ಬ ಉತ್ಸವದ ಕೋಲು ಮುಟ್ಟಿದ. ಮೈಲಿಗೆಯಾಯಿತು ಅಂದರು. ಊರಿನ ಹಿರಿಯರು ಅನ್ನಿಸಿಕೊಂಡವರು ಪಂಚಾಯಿತಿ ಸೇರಿ 60 ಸಾವಿರ ರೂಪಾಯಿ ದಂಡ ಹಾಕಿದರು. ಕಟ್ಟದಿದ್ದರೆ ಊರು ಬಿಡಿ ಅಂದರು. ಆ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 309 ರೂಪಾಯಿ. ಲೆಕ್ಕ ಹಾಕಿ ನೋಡಿ: 60 ಸಾವಿರ ಅಂದರೆ 194 ದಿನದ ಕೂಲಿ. ಸರ್ಕಾರ ಖಾತ್ರಿ ಕೊಡುತ್ತಿದ್ದದ್ದು ವರ್ಷಕ್ಕೆ 100 ದಿನ. ಒಂದು ಕೋಲು ಮುಟ್ಟಿದ್ದಕ್ಕೆ ಹತ್ತಿರ ಹತ್ತಿರ ಎರಡು ವರ್ಷದ ಖಾತ್ರಿ ಕೂಲಿ!

ದಲಿತ ಸಂಘಟನೆಯವರು ಆ ಮನೆಯ ಹಿಂದೆ ನಿಂತರು. ದೂರು ದಾಖಲಾಯಿತು, ದೌರ್ಜನ್ಯ ತಡೆ ಕಾಯ್ದೆ ಹಾಕಿದರು, ಪತ್ರಿಕೆಯವರು ಬಂದರು, ಅಧಿಕಾರಿಗಳು ಬಂದು ನಮ್ಮವರನ್ನು ಗುಡಿಯೊಳಗೆ ಕರೆದುಕೊಂಡು ಹೋದರು. ಆ ಹುಡುಗನ ಮನೆಯವರು ಗೋಡೆಯ ದೇವರ ಪಟಗಳನ್ನು ಇಳಿಸಿ ಬುದ್ಧ, ಅಂಬೇಡ್ಕರರ ಪಟ ಹಾಕಿದರು. ಪತ್ರಿಕೆಗಳಿಗೆ ಸುದ್ದಿ ಅಲ್ಲಿಗೆ ಮುಗಿಯಿತು.

ಸಮಿತಿಯ ಕೆಲಸ ಅಲ್ಲಿಂದ ಶುರು. ಇಂಥ ಪ್ರಕರಣ ಎಲ್ಲಿ ನಡೆದರೂ ಕ್ಯಾಮೆರಾ ಹೋದ ಮೇಲೆ ಆ ಮನೆ ಅದೇ ಊರಿನಲ್ಲೇ ಇರಬೇಕು. ಅದೇ ಅಂಗಡಿಯಲ್ಲಿ ಉಪ್ಪು ತರಬೇಕು, ಅದೇ ಹೊಲದ ದಾರಿಯಲ್ಲಿ ಹೋಗಬೇಕು. ಕೂಲಿಗೆ ಕರೆಯೋದನ್ನು ನಿಲ್ಲಿಸುತ್ತಾರೆ. ಹಾಲು ಹಾಕಿಸಿಕೊಳ್ಳೋದಿಲ್ಲ. ನೆಂಟರೇ ಬಂದು 'ರಾಜಿ ಆಗಿಬಿಡ್ರಪ್ಪಾ' ಅನ್ನುತ್ತಾರೆ. ಹೀಗಾಗಿ ಯಾವ ಊರಿನಲ್ಲಿ ದೂರಾದರೂ ಸರದಿಯ ಮೇಲೆ ಹೋಗಿ ಅಲ್ಲಿ ಕೂತು ಬರೋದು ನಮ್ಮ ಪದ್ಧತಿ. ಕೂತು ಮಾಡೋದು ಏನೂ ಇಲ್ಲ. ಟೀ ಕುಡಿಯುತ್ತೇವೆ, ಮಕ್ಕಳ ಪಾಠ ಕೇಳುತ್ತೇವೆ. ಈ ಮನೆ ಒಂಟಿಯಲ್ಲ ಅಂತ ಊರಿಗೆ ಕಾಣಬೇಕು, ಅಷ್ಟೇ. ಹೋಗುವವರು ಯಾರು? ನರಸಾಪುರ, ವೇಮಗಲ್ಲಿನ ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸ ಮಾಡುವ ಹುಡುಗರು. ರಾತ್ರಿ ಪಾಳಿ ಮುಗಿಸಿ, ನಿದ್ದೆಗಣ್ಣಲ್ಲೇ ಬೈಕು ಹತ್ತುವವರು.

ಹೀಗೆ ಹೋಗಿ ಕೂರೋದು ಯಾಕೆ ಅಂದರೆ, ನಮ್ಮ ನೆನಪಿನಲ್ಲಿ ಕಂಬಾಲಪಲ್ಲಿ ಇದೆ. 2000ದ ಮಾರ್ಚ್ 11. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ನಮ್ಮಲ್ಲಿ ಅರ್ಧ ಜನ ಆಗ ಹುಟ್ಟಿರಲಿಲ್ಲ. 2006ರಲ್ಲಿ ಕೋರ್ಟು ಆರೋಪಿಗಳನ್ನು ಬಿಡುಗಡೆ ಮಾಡಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಸಾಕ್ಷಿಗಳು ತಿರುಗಿದ್ದರು. ಏಳು ಜನ ಸುಟ್ಟು ಹೋದರು, ಸುಟ್ಟವರು ಯಾರೂ ಇಲ್ಲ! ಸಾಕ್ಷಿ ತಿರುಗಿದ ಅಂತ ಬಯ್ಯೋದು ಸುಲಭ. ಆರು ವರ್ಷ ಆ ಸಾಕ್ಷಿಯ ಮನೆಗೆ ಯಾರು ಹೋಗಿದ್ದರು, ಅವನ ಮನೆಯ ಒಲೆ ಹೇಗೆ ಉರಿಯಿತು ಅಂತ ಕೇಳೋದು ಕಷ್ಟ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ ಸಾಕ್ಷಿಗಳ ರಕ್ಷಣೆಗೆ ಒಂದು ಅಧ್ಯಾಯವೇ ಸೇರಿತು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು ಅಂತ 1995ರ ನಿಯಮಗಳಲ್ಲೇ ಇದೆ. ಕಾಯ್ದೆ ಅಷ್ಟು ಮಾಡಬಲ್ಲದು. ಸಂಜೆ ಏಳು ಗಂಟೆಗೆ ಕರೆಂಟು ಹೋದಾಗ ಆ ಜಗಲಿಯ ಮೇಲೆ ಬಂದು ಕೂರೋದು ಕಾಯ್ದೆಗೆ ಆಗೋದಿಲ್ಲ.

5

ಮಿಕ್ಕ ದಿನಗಳ ಕೆಲಸದಲ್ಲಿ ಸುದ್ದಿಯಾಗುವಂಥದ್ದು ಏನೂ ಇಲ್ಲ. ಜಾತಿ ಪ್ರಮಾಣ ಪತ್ರ, ಹಾಸ್ಟೆಲ್ ಅರ್ಜಿ, ವಿಧವಾ ವೇತನ, ಸ್ಮಶಾನದ ಜಾಗ, ಪಡಿತರ ಚೀಟಿಯಲ್ಲಿ ತಪ್ಪಿದ ಹೆಸರು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಸ್ಸಿಗೆ ಅದರ ಹತ್ತರಷ್ಟು. ಅರ್ಜಿ ಬರೆದು ಬರೆದು ನಮ್ಮ ಪದ್ಯದ ಕೈ ಕೆಟ್ಟಿತು ಅಂತ ಒಬ್ಬ ಗೆಳೆಯ ಹೇಳುತ್ತಾನೆ. 'ಮಾನ್ಯರೇ' ಅಂತ ಶುರು ಮಾಡದೆ ಅವನಿಗೆ ಪದ್ಯ ಬರೆಯೋಕೆ ಬರೋದಿಲ್ಲವಂತೆ.

ಆ ಅರ್ಜಿಗಳಲ್ಲಿ ದೊಡ್ಡದು ಭೂಮಿಯ ಅರ್ಜಿ.

ಪಿಟಿಸಿಎಲ್ ಕಾಯ್ದೆ 1978ರದು, 1979ರ ಜನವರಿ 1ರಿಂದ ಜಾರಿ. ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಕೊಂಡಿದ್ದರೆ ಆ ಕ್ರಯ ರದ್ದು, ಜಮೀನು ವಾಪಸು. ಅರ್ಜಿ ಹಾಕಬೇಕಾದ್ದು ಉಪವಿಭಾಗಾಧಿಕಾರಿಗೆ. 1984ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆ ಸರಿ ಅಂದಿತು. ದೊಡ್ಡ ಕಾಯ್ದೆ. ಆದರೆ 2017ರಲ್ಲಿ ಅದೇ ಕೋರ್ಟು, ತುಂಬ ತಡವಾಗಿ ಹಾಕಿದ ಅರ್ಜಿ ನಿಲ್ಲದು, ಸಮಂಜಸ ಕಾಲದೊಳಗೆ ಹಾಕಬೇಕು ಅಂದಿತು. ಅಲ್ಲಿಂದಾಚೆ ನಮ್ಮವರ ಅರ್ಜಿಗಳು ತರಗೆಲೆಯ ಹಾಗೆ ಬಿದ್ದವು.

ಒಬ್ಬ ಮುದುಕಿ ಬಂದಿದ್ದಳು. ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿ ಮಡಿಸಿ ಹರಿದ ಸಾಗುವಳಿ ಚೀಟಿ. ಗಂಡ ಕುಡಿತಕ್ಕೋ ಮಗಳ ಮದುವೆಗೋ ಒಂದೆರಡು ಸಾವಿರಕ್ಕೆ ಬರೆದುಕೊಟ್ಟಿದ್ದ ಎರಡೆಕರೆ. ಕಾಗದ ನೋಡಿ ನಾವೇ ಹೇಳಿದೆವು: "ಅವ್ವಾ, ಕಾಲ ಮೀರಿಹೋಗೈತೆ." ಅವಳು ನಮ್ಮ ಮುಖ ನೋಡಿ ಕೇಳಿದಳು: "ಮೀರಿದ್ದು ನಾನಾ, ಅವರಾ?" ನಾವು ಅವಳನ್ನು ವಾಪಸು ಕಳಿಸಿದೆವು. ಅದು ನಮ್ಮ ತಪ್ಪು, ಇಲ್ಲಿ ಬರೆದಿಡುತ್ತೇವೆ. ಕೋರ್ಟಿನ ಬಾಯಲ್ಲಿ ಬರಬೇಕಾದ ಮಾತು ನಮ್ಮ ಬಾಯಲ್ಲಿ ಬಂದಿತ್ತು.

ಅದೇ ವರ್ಷ ರಾಜ್ಯದ ನಾನಾ ಕಡೆಯಿಂದ ಭೂಮಿ ಕಳೆದುಕೊಂಡವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತರು. 2023ರ ಜುಲೈಯಲ್ಲಿ ವಿಧಾನಮಂಡಲ ತಿದ್ದುಪಡಿ ಮಾಡಿತು: ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ. ಮುದುಕಿಯ ಪ್ರಶ್ನೆಗೆ ಸರ್ಕಾರ ಕೊಟ್ಟ ಉತ್ತರ ಅದು. ತಿದ್ದುಪಡಿ ಆದ ಮೇಲೂ ವಿಳಂಬದ ಮಾತು ನ್ಯಾಯಾಲಯಗಳಲ್ಲಿ ಮತ್ತೆ ಎದ್ದಿತು ಅನ್ನುವುದನ್ನೂ ಮರೆಯಬಾರದು. ನಾವು ಅವಳ ಮನೆಗೆ ಹೋಗಿ ಕವರು ಈಸಿಕೊಂಡು ಬಂದೆವು, ಅರ್ಜಿ ಬರೆದೆವು.

ಕಾಯ್ದೆ ಓದುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಓದಿ ನಾವು ಬಹಳ ಹೊತ್ತು ಮಾತಾಡಲಿಲ್ಲ. 'ಮಂಜೂರಾದ ಜಮೀನು' ಅಂದರೆ ಏನು ಅಂತ 3ನೇ ಕಲಮು ಹೇಳುತ್ತದೆ. ಭೂಸುಧಾರಣೆಯಲ್ಲಿ ಬಂದದ್ದು ಸೇರುತ್ತದೆ, ಇನಾಮು ರದ್ದತಿಯಲ್ಲಿ ಬಂದದ್ದು ಸೇರುತ್ತದೆ, ಆದರೆ ವಂಶಪಾರಂಪರ್ಯದ ಹುದ್ದೆಗೆ ಸಂಬಂಧಪಟ್ಟದ್ದು ಸೇರುವುದಿಲ್ಲ. ಅಂದರೆ ತೋಟಿ ಇನಾಮು ಇಲ್ಲ, ನೀರಗಂಟಿ ಇನಾಮು ಇಲ್ಲ. ಶಾನುಭೋಗರ ಇನಾಮಿಗೂ ತೋಟಿಯ ಇನಾಮಿಗೂ ಒಂದೇ ಮೊರ. ಸರ್ಕಾರ ಕೊಟ್ಟ ಜಮೀನಿಗೆ ಈ ಕಾಯ್ದೆಯ ಕಾವಲಿದೆ. ತಲೆಮಾರುಗಟ್ಟಲೆ ಹೆಣ ಸುಟ್ಟು, ಹೊರೆ ಹೊತ್ತು, ತೂಬೆತ್ತಿ ನಮ್ಮ ತಾತಂದಿರು ದುಡಿದ ಜಮೀನಿಗೆ ಈ ಕಾಯ್ದೆಯ ಕಾವಲಿಲ್ಲ. ಹುದ್ದೆ ಅಂತ ಕರೆದದ್ದಕ್ಕೆ ಕೊನೆಗೆ ಸಿಕ್ಕ ಮರ್ಯಾದೆ ಇದು. ನಮ್ಮ ಕಡೆ ರಸ್ತೆ ಬದಿಯ ಎಷ್ಟು ತೋಟಿ ಇನಾಮು ಜಮೀನುಗಳು ಈಗ ಲೇಔಟ್ ಆಗಿವೆ ಅಂತ ಲೆಕ್ಕ ಇಟ್ಟವರು ಯಾರು?

6

2023ರ ಜನವರಿಯಲ್ಲಿ ಒಂದು ಸಂತೋಷದ ಸುದ್ದಿಯೂ ಬಂತು. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ. ನಾವು ಕುಣಿದೆವು. ತಮಟೆಯನ್ನು ಕಲೆ ಅಂತ ದೆಹಲಿ ಒಪ್ಪಿತು. ಆದರೆ ನಮ್ಮ ಕೆಲವು ಊರುಗಳಲ್ಲಿ ತಮಟೆ ಬಡಿಯೋದಿಲ್ಲ ಅಂದದ್ದಕ್ಕೇ ಜಗಳವಾಗುತ್ತದೆ. ಬಡಿದರೆ ಕಲೆ, ಬಡಿಯಲ್ಲ ಅಂದರೆ ಸೊಕ್ಕು. ಅದೇ ತಮಟೆಯನ್ನು ಏಪ್ರಿಲ್ 14ಕ್ಕೆ ನಾವು ಬಡಿಯುತ್ತೇವೆ, ಯಾರೂ ಹೇಳಿಸಿಕೊಳ್ಳದೆ, ಕೈ ಊದುವ ತನಕ.

ಡಿಸೆಂಬರಿನ ಸುದ್ದಿ ಬೇರೆ. ಮಾಲೂರು ತಾಲ್ಲೂಕಿನ ಒಂದು ಸರ್ಕಾರಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿ ಶುಚಿ ಮಾಡಿಸುವ ದೃಶ್ಯ ಹೊರಬಂತು. ಅಮಾನತಾಯಿತು, ಬಂಧನವಾಯಿತು. ಓದುಗರಾದ ಮೇಷ್ಟ್ರುಗಳೇ, ಈ ಸುದ್ದಿ ನಮಗೆ ಎಲ್ಲಿ ತಾಗಿತು ಅಂತ ಹೇಳುತ್ತೇವೆ. ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ನಮಗೆ ಹೆಂಡ ಬೇಡ, ವಸತಿ ಶಾಲೆ ಕೊಡಿ ಅಂತ ಬೀದಿಗಿಳಿದಿತ್ತು. ಆ ಕೂಗಿಗೆ ನಮ್ಮಪ್ಪ, ಚಿಕ್ಕಪ್ಪಂದಿರು ಲಾಠಿ ತಿಂದಿದ್ದರು. ವಸತಿ ಶಾಲೆಗಳು ಬಂದವು. ನಮ್ಮಲ್ಲಿ ಎಷ್ಟೋ ಜನ ಅಂಥ ಶಾಲೆಗಳಲ್ಲೇ ಅನ್ನ ಉಂಡು, ಅಕ್ಷರ ಕಲಿತು ಇದನ್ನು ಬರೆಯುವ ಮಟ್ಟಿಗೆ ಬಂದೆವು. ಮಲ ಹೊರುವುದನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗಲೇ, ಎಪ್ಪತ್ತರ ದಶಕದ ಮೊದಲಲ್ಲಿ, ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದರು. 1993ರಲ್ಲಿ ದೇಶದ ಕಾಯ್ದೆ, 2013ರಲ್ಲಿ ಮತ್ತೊಂದು ಕಾಯ್ದೆ. ಐವತ್ತು ವರ್ಷ ಆದ ಮೇಲೆ, ನಾವು ಹೋರಾಡಿ ಪಡೆದ ಶಾಲೆಯ ಅಂಗಳದಲ್ಲೇ ಆ ಗುಂಡಿ ಬಾಯಿ ತೆರೆದಿತ್ತು.

ಆದ್ದರಿಂದ ಹಕ್ಕು ಸಿಕ್ಕಿತು, ಕೆಲಸ ಮುಗಿಯಿತು ಅನ್ನೋ ಹಾಗಿಲ್ಲ. ಸಿಕ್ಕ ಶಾಲೆಗೂ ಕಾವಲಿರಬೇಕು. ಹಾಸ್ಟೆಲಿನ ಅಡುಗೆಮನೆ, ಕಕ್ಕಸು, ನೀರಿನ ತೊಟ್ಟಿ ನೋಡಿ ಬರೋದನ್ನು ಅವತ್ತಿನಿಂದ ನಮ್ಮ ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೇವೆ.

7

ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳೋದಕ್ಕೆ ಇದನ್ನು ಬರೆಯಲಿಲ್ಲ. ಒಳಗಿನ ಹುಳುಕನ್ನೂ ಹೇಳಬೇಕು. ಬಿ. ಕೃಷ್ಣಪ್ಪನವರು ಕಟ್ಟಿದ ಸಮಿತಿ ಒಡೆದು ಎಷ್ಟು ಬಣವಾಯಿತು ಅಂತ ಎಣಿಸೋಕೆ ಬೆರಳು ಸಾಲದು. ಒಂದೇ ತಾಲ್ಲೂಕು ಕಚೇರಿಯ ಮುಂದೆ ಒಂದೇ ಬೇಡಿಕೆಗೆ ನಾಲ್ಕು ಬ್ಯಾನರು. ಕೆಲವರಿಗೆ ಸಮಿತಿಯ ಲೆಟರ್‌ಹೆಡ್ಡೇ ಜೀವನೋಪಾಯ: ಬೆಳಗ್ಗೆ ದೂರು ಕೊಡಿಸಿ ಸಂಜೆ ರಾಜಿ ಮಾಡಿಸುವ ಕಸುಬು. ಹೊಲೆಯ ಮಾದಿಗರ ನಡುವಿನ ಗೋಡೆ ನಮ್ಮ ಜಗಲಿಯ ಮೇಲೂ ಇದೆ. ಒಳಮೀಸಲಾತಿ ಮಾಡುವ ಅಧಿಕಾರ ರಾಜ್ಯಗಳಿಗಿದೆ ಅಂತ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಹೇಳಿದ ದಿನ, ಜೊತೆಯಲ್ಲಿ ಟೀ ಕುಡಿಯುತ್ತಿದ್ದವರು ಒಂದು ವಾರ ಮಾತು ಬಿಟ್ಟಿದ್ದರು. ಹೆಚ್ಚು ಹಿಂದುಳಿದವನಿಗೆ ಮೊದಲು ಸಿಗಲಿ ಅನ್ನುವ ಮಾತನ್ನು ಬೇರೆಯವರಿಗೆ ಹೇಳುತ್ತ ಬಂದವರು ನಾವು. ಅದು ನಮ್ಮ ಮನೆ ಬಾಗಿಲಿಗೆ ಬಂದಾಗ ಹಿಂಜರಿದೆವು.

ಇನ್ನು ಹೆಣ್ಣುಮಕ್ಕಳು. ಈ ಲೇಖನದ 'ನಾವು' ಅನ್ನುವುದರಲ್ಲಿ ಅವರೆಷ್ಟು ಮಂದಿ? ಸ್ಟೇಷನ್ನಿನ ಮುಂದೆ ರಾತ್ರಿ ಹನ್ನೊಂದರ ತನಕ ಕೂರೋಕೆ ಅವರು ಬೇಕು. ಕಚೇರಿಯ ಬಾಗಿಲಿಗೆ ಅಡ್ಡ ನಿಲ್ಲೋಕೆ ಅವರು ಬೇಕು. ಸಂಚಾಲಕರ ಪಟ್ಟಿ ಬರೆಯುವಾಗ ಬೇಡ. ಮೇಲಿನವರು ನಮ್ಮಿಂದ ಸೇವೆ ಮಾಡಿಸಿಕೊಂಡಂತೆ ನಾವು ಇವರಿಂದ ಮಾಡಿಸಿಕೊಳ್ಳುತ್ತಿಲ್ಲವೇ? ಈ ಪ್ರಶ್ನೆಯನ್ನು ನಮ್ಮ ತಂಗಿಯೊಬ್ಬಳು ಸಭೆಯಲ್ಲೇ ಎದ್ದು ಕೇಳಿದಳು. ಉತ್ತರ ಕೊಡುವ ಧೈರ್ಯ ಆ ಸಭೆಗಿರಲಿಲ್ಲ.

ಈಗ ಅಜ್ಜಿಯ ಮಾತಿಗೆ ಬರೋಣ. ತಾತನ ಬಿಟ್ಟಿಗೂ ನಮ್ಮ ಬಿಟ್ಟಿಗೂ ಏನು ವ್ಯತ್ಯಾಸ? ತಾತನನ್ನು ಊರು ಕರೆಯುತ್ತಿತ್ತು, ನಮ್ಮನ್ನು ಕೇರಿ ಕರೆಯುತ್ತದೆ. ತಾತ ಒಯ್ದ ಓಲೆಯಲ್ಲಿ ಏನು ಬರೆದಿದೆ ಅಂತ ಅವನಿಗೆ ಗೊತ್ತಿರಲಿಲ್ಲ, ನಾವು ಒಯ್ಯುವುದನ್ನು ನಾವೇ ಬರೆದಿರುತ್ತೇವೆ. ತಾತನಿಗೆ ಆಗೋದಿಲ್ಲ ಅನ್ನುವ ಹಕ್ಕಿರಲಿಲ್ಲ. ನಮಗಿದೆ. ಇದೆ ಅಂತ ಗೊತ್ತಿದ್ದೂ ಹೋಗುತ್ತೇವೆ. ಇಷ್ಟೇ ವ್ಯತ್ಯಾಸ. ಇಷ್ಟು ವ್ಯತ್ಯಾಸ ಬರೋದಕ್ಕೆ ಮಾರಿಕುಪ್ಪಂನಿಂದ ಹುಣಸಿಕೋಟೆಗೆ, ಹುಣಸಿಕೋಟೆಯಿಂದ ಉಳ್ಳೇರಹಳ್ಳಿಗೆ ನೂರು ವರ್ಷಕ್ಕಿಂತ ಹೆಚ್ಚು ಹಿಡಿದಿದೆ.

ಕಡೆಯದಾಗಿ ಒಂದು ಕೆಲಸ ಹೇಳುತ್ತೇವೆ. ಇದನ್ನು ಓದುವ ಮೇಷ್ಟ್ರುಗಳು, ಕಾಲೇಜು ಹುಡುಗ ಹುಡುಗಿಯರು ನಿಮ್ಮ ನಿಮ್ಮ ಊರಿನಲ್ಲಿ ಮಾಡಿ. ನಿಮ್ಮ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ ನಿಮ್ಮ ಊರಿನ ಹಳೇ ಕೈಬರಹದ ಪಹಣಿ ತೆಗೆಸಿ. 'ತೋಟಿ ಇನಾಮು', 'ತಳವಾರಿಕೆ ಇನಾಮು', 'ನೀರಗಂಟಿ ಇನಾಮು' ಅಂತ ಬರೆದಿರುವ ಸರ್ವೆ ನಂಬರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ಈಗ ಆ ನೆಲದ ಮೇಲೆ ಯಾರಿದ್ದಾರೆ ಅಂತ ಬರೆಯಿರಿ. ಆ ಪಹಣಿಯಲ್ಲಿ ಹುದ್ದೆಯ ಜೊತೆಗೆ ಒಬ್ಬ ಮನುಷ್ಯನ ಹೆಸರೂ ಇರುತ್ತದೆ. ಕಲ್ಲಿನ ಮೇಲೆ ಇಲ್ಲದ ಹೆಸರು. ಅದನ್ನು ಅವನ ಮೊಮ್ಮಕ್ಕಳಿಗೆ ಓದಿ ಹೇಳಿ.

ನಾವು ನಮ್ಮ ಊರುಗಳಲ್ಲಿ ಶುರು ಮಾಡಿದ್ದೇವೆ. ಮೊದಲ ಹಾಳೆ ತುಂಬಿದೆ.